ಚಪ್ಪರದ ವಾರ್ಡು

ನನಗೆ ಸಿಟ್ಟು ಬೇಗ ಬರುತ್ತದೆ. ಹೊಸನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡು ಕೂತ ಇಷ್ಟು ವರ್ಷಗಳಲ್ಲಿ ಇದು ಊರಿಗೆಲ್ಲ ಗೊತ್ತಾಗಿಹೋಗಿದೆ. ‘ಆ ಡಾಕ್ಟ್ರಮ್ಮ ಬೈತಾರೆ, ಆದ್ರೆ ಕರೆದ್ರೆ ಮನೆಗೆ ಬರ್ತಾರೆ’ ಅಂತ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದದ್ದನ್ನು ನಾನೇ ಹಿಂದೆ ನಿಂತು ಕೇಳಿಸಿಕೊಂಡಿದ್ದೇನೆ. ಬೇಜಾರಾಗಲಿಲ್ಲ. ಇದ್ದದ್ದನ್ನೇ ಹೇಳಿದ್ದಳು.

ಮನೆಗೆ ಹೋಗುವ ಅಭ್ಯಾಸ ಶುರುವಾದದ್ದು ದೊಡ್ಡ ಆದರ್ಶದಿಂದೇನೂ ಅಲ್ಲ. ನಾನು ಬಂದ ಹೊಸತರಲ್ಲಿ ಜ್ವರ, ಕೆಮ್ಮು ಅಂತ ತಾವೇ ನಡೆದು ಬರುತ್ತಿದ್ದವರಿಗೆ ನನ್ನ ಜೊತೆಗೇ ವಯಸ್ಸಾಯಿತು. ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಅವರನ್ನು ಆಟೋದಲ್ಲಿ ಮುದುರಿ ಕೂರಿಸಿಕೊಂಡು, ಹೊಂಡದ ರಸ್ತೆಯಲ್ಲಿ ಕುಲುಕಾಡಿಸಿ, ನನ್ನ ಬೆಂಚಿನ ಮೇಲೆ ಮಲಗಿಸಿ, ನಾನು ಬಿ.ಪಿ. ನೋಡಿ, ‘ವಯಸ್ಸಾಯ್ತಲ್ಲ’ ಅಂತ ಹೇಳಿ ವಾಪಸ್ಸು ಕಳಿಸುವುದು ನನಗೇ ನಾಚಿಕೆಗೇಡು ಅನ್ನಿಸತೊಡಗಿತು. ಗುಣ ಮಾಡುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಗುಣವಾಗದ ಕಾಯಿಲೆಯವರ ಪಕ್ಕ ಕೂತು ಏನು ಮಾಡಬೇಕು ಎಂಬುದನ್ನು ಯಾರೂ ಕಲಿಸಿರಲಿಲ್ಲ. ತಲೆ ಅರ್ಧ ಬೆಳ್ಳಗಾದ ಮೇಲೆ ಅದಕ್ಕೊಂದು ತರಬೇತಿ ಇದೆ ಅಂತ ಗೊತ್ತಾಗಿ, ಹೋಗಿ, ಹುಡುಗರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು ಕಲಿತು ಬಂದೆ. ನೋವು ಇಳಿಸುವುದು, ಉಬ್ಬಸ ಕಡಿಮೆ ಮಾಡುವುದು, ಬೆನ್ನಿನ ಹುಣ್ಣು ಆಗದಂತೆ ನೋಡಿಕೊಳ್ಳುವುದು. ಎಲ್ಲಕ್ಕಿಂತ ಕಷ್ಟದ ಪಾಠ, ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವುದು. ಅದರಲ್ಲಿ ನಾನು ಈಗಲೂ ಜಸ್ಟ್ ಪಾಸು.

ಈಗ ಹೇಳಹೊರಟಿರುವುದು ಒಬ್ಬ ಅಜ್ಜಿಯ ವಿಷಯ. ಅಜ್ಜಿ ಅಂತ ನಾನು ಬರೆಯುತ್ತಿದ್ದೇನೆ ಅಷ್ಟೇ. ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಒಂದು ದಿನ ಹಾಗೆ ಕರೆದಾಗ ಆಕೆ ಮಲಗಿದ್ದಲ್ಲಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನ್ನ ತಲೆಯೂ ಬೆಳ್ಳಗೇ ಇದ್ಯಲ ಮಾರಾಯ್ತಿ, ನಾನು ನಿಂಗೆ ಅಜ್ಜಿಯಾ?” ಅಂದಿದ್ದರು. ಅವತ್ತಿನಿಂದ ಅಮ್ಮ ಅಂತಲೇ ಕರೆದೆ.

ಆಕೆ ಮದುವೆಮನೆಗಳ ಅಡುಗೆಯವರು. ಸಾಗರದಿಂದ ತೀರ್ಥಹಳ್ಳಿಯವರೆಗೆ ಎಲ್ಲಿ ಮದುವೆ, ಉಪನಯನ, ಸತ್ತವರ ಬೊಜ್ಜದ ಊಟವಾದರೂ ಆಕೆಯ ತಂಡಕ್ಕೆ ಕರೆ ಹೋಗುತ್ತಿತ್ತು. ಗಂಡ ಬೇಗ ತೀರಿಕೊಂಡರು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪರಡಿ ಹೊತ್ತುಕೊಂಡು, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಒಬ್ಬ ಮಗಳು, ಒಬ್ಬ ಮಗನನ್ನು ದಡ ಮುಟ್ಟಿಸಿದರು. ಮಗಳನ್ನು ಸಾಗರಕ್ಕೆ ಕೊಟ್ಟಿತ್ತು. ಮಗ ಹೊಸನಗರದಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟಿದ್ದ. ಹಿಂದಿನ ವರ್ಷವಷ್ಟೇ ಊರ ಹೊರಗಿನ ಲೇಔಟಿನಲ್ಲಿ ಪುಟ್ಟ ತಾರಸಿ ಮನೆ ಕಟ್ಟಿಸಿದ್ದ. ಆ ಮನೆಯಲ್ಲಿ ಅಮ್ಮನಿಗೆ ಅಂತಲೇ ಒಂದು ರೂಮು. ಜೀವಮಾನದಲ್ಲಿ ಮೊದಲ ಸಲ ತನ್ನದು ಅಂತ ಒಂದು ಬಾಗಿಲು ಸಿಕ್ಕಿತು ಅಂತ ಆಕೆ ಹೇಳಿಕೊಳ್ಳುವಾಗ ಮಗನ ಮುಖ ನೋಡಬೇಕಿತ್ತು.

ಗೃಹಪ್ರವೇಶದ ತೋರಣ ಒಣಗುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಕ್ಯಾನ್ಸರು ಲಿವರಿಗೂ ಹಬ್ಬಿದೆ, ಈ ವಯಸ್ಸಿನಲ್ಲಿ ಇನ್ನೇನೂ ಮಾಡುವುದು ಬೇಡ, ಮನೆಗೆ ಕರೆದುಕೊಂಡು ಹೋಗಿ ಅಂದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಮನೆಗೆ ಕರೆದುಕೊಂಡು ಬಂದು ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಮೊದಲ ಸಲ ಹೋದಾಗ ಆಕೆ ಗೋಡೆ ಕಡೆ ತಿರುಗಿ, ಮಂಡಿ ಹೊಟ್ಟೆಗೆ ಮಡಚಿಕೊಂಡು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಮಲಗಿದ್ದರು. ಅಡುಗೆಮನೆಯಲ್ಲಿ ಸೊಸೆ ಗಂಜಿ ತಿರುವುತ್ತಿದ್ದಳು. ಒಂದು ಲೋಟ ಕುಡಿಸಿದರೆ ಎರಡು ಲೋಟ ವಾಂತಿಯಾಗುತ್ತಿತ್ತು. ಆದರೂ ಕುಡಿಸುತ್ತಿದ್ದಳು, ಅತ್ತೆ ಉಪವಾಸ ಹೋದರು ಅಂತ ಆಗಬಾರದಲ್ಲ. ಊರಿಗೆಲ್ಲ ಬಡಿಸಿದ ಹೆಂಗಸು ಚಮಚ ಕಂಡರೆ ಬಾಯಿ ಬಿಗಿ ಹಿಡಿಯುತ್ತಿದ್ದರು.

ನಾನು ನೋವಿಗೆ ಮಾರ್ಫಿನ್ ಮಾತ್ರೆ ಬರೆದು ಚೀಟಿಯನ್ನು ಮಗನ ಕೈಗೆ ಕೊಟ್ಟೆ. ಅದು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಸರಕಲ್ಲ, ಲೈಸೆನ್ಸ್ ಇದ್ದವರೇ ಕೊಡಬೇಕು. ಅವನು ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ತಂದ. ತಂದವನು ಕವರನ್ನು ಕೈಯಲ್ಲೇ ಹಿಡಿದುಕೊಂಡು ನಿಂತು, “ಮೇಡಂ, ಇದು ಕೊಟ್ರೆ ಬೇಗ ಹೋಗ್ಬಿಡ್ತಾರೆ ಅಂತಾರಲ?” ಅಂದ.

“ಯಾರಂದಿದ್ದು?”

“ಅಂಗಡಿಗೆ ಬಂದೋರು.”

“ಅಂಗಡಿಗೆ ಬಂದೋರ ಹತ್ರ ಮಿಕ್ಸಿ ವಿಷ್ಯ ಮಾತಾಡು. ಇದು ನಂಗೆ ಬಿಡು. ನೋವಿಗೆ ಎಷ್ಟು ಬೇಕೋ ಅಷ್ಟೇ ಕೊಡ್ತೀನಿ. ನೋವಿಳಿದ್ರೆ ನಿನ್ನಮ್ಮ ನಿನ್ನ ಜೊತೆ ಮಾತಾಡ್ತಾರೆ. ಬೇಕಾ ಬ್ಯಾಡ್ವಾ?”

ಬೇಕು ಅಂದ. ಮೂರನೆಯ ಭೇಟಿಗೆ ಹೋದಾಗ ಆಕೆ ದಿಂಬಿಗೆ ಒರಗಿ ಕೂತು, ನನ್ನ ಸೀರೆ ನೋಡಿ, “ಈ ಬಣ್ಣ ನಿಂಗೆ ಒಪ್ಪೂದಿಲ್ಲ” ಅಂದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗುಣವಾಗದ ರೋಗಿ ಬೈದರೆ ಖುಷಿಪಡುವ ಕೆಲಸ ನನ್ನದು.

ಗಂಜಿಯ ವಿಷಯಕ್ಕೂ ಸೊಸೆಯನ್ನು ಕೂರಿಸಿಕೊಂಡು ಹೇಳಿದೆ. ದೇಹ ಹೊರಡುವ ತಯಾರಿಯಲ್ಲಿದ್ದಾಗ ಹಸಿವು ತಾನೇ ಬಿಟ್ಟುಹೋಗುತ್ತದೆ, ಊಟ ಬಿಟ್ಟಿದ್ದಕ್ಕೆ ಸಾಯುವುದಲ್ಲ, ಸಾವು ಹತ್ತಿರ ಬಂದದ್ದಕ್ಕೆ ಊಟ ಬಿಡುವುದು. ಕೇಳಿದಾಗ ಒಂದು ಚಮಚ ಮಜ್ಜಿಗೆ ಕೊಡು, ಕೇಳದಿದ್ದರೆ ಸುಮ್ಮನೆ ತುಟಿ ಒದ್ದೆ ಮಾಡು ಅಂದೆ. ಅವಳು ತಲೆಯಾಡಿಸಿದಳು. ಆದರೆ ಅವಳ ಮನಸ್ಸು ಇಲ್ಲಿರಲಿಲ್ಲ. ಕಣ್ಣು ಪದೇ ಪದೇ ಗೋಡೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು. ನಾನು ಅದನ್ನು ಆಗ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆಕೆಗೆ ಏನು ಬೇಕು ಅಂತ ನಾನು ಮೊದಲೇ ಕೇಳಿಯಾಗಿತ್ತು. ಮನೆಯವರು ‘ಅಮ್ಮಂಗೆ ಕಾಯಿಲೆ ಹೆಸರು ಹೇಳ್ಬೇಡಿ’ ಅಂತ ಗೇಟಿನ ಹತ್ತಿರವೇ ತಡೆದು ಹೇಳಿದ್ದರು. ನಾನು ಹೆಸರು ಹೇಳಲಿಲ್ಲ. “ಅಮ್ಮ, ಮುಂದೆ ಹೆಂಗಿರ್ಬೇಕು ಅಂತ ನಿಮ್ಮ ಮನಸ್ಸಲ್ಲಿದೆ?” ಅಂತ ಕೇಳಿದೆ ಅಷ್ಟೇ. ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ. “ಇನ್ನೊಂದು ಸಲ ಆ ಆಸ್ಪತ್ರೆಗೆ ಬ್ಯಾಡ. ಅಲ್ಲಿ ಲೈಟೇ ಆರ್ಸೂದಿಲ್ಲ, ಹಗಲ್ಯಾವ್ದು ರಾತ್ರಿಯಾವ್ದು ತಿಳಿಯೂದಿಲ್ಲ. ಕೈ ಕಟ್ಟಿ ಹಾಕ್ತಾರೆ. ನನ್ನ ಜನ ನನ್ನ ಹತ್ರ ಇರ್ಲಿ. ನೋವು ಬ್ಯಾಡ. ಇಷ್ಟೇ.” ಆಮೇಲೆ ನನ್ನ ಕೈ ಹಿಡಿದು, “ಇಷ್ಟು ಮಾಡ್ತೀಯಾ?” ಅಂದರು. ಮಾಡ್ತೀನಿ ಅಂದೆ. ಮಾತು ಕೊಟ್ಟಾಗಿತ್ತು.

ಒಂದು ವಾರ ಚೆನ್ನಾಗಿ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದ ಹೊತ್ತಿಗೆ ಮಗನ ಫೋನು. “ಮೇಡಂ, ಅಮ್ಮನ್ನ ಶಿವಮೊಗ್ಗಕ್ಕೆ ಶಿಫ್ಟ್ ಮಾಡ್ತಿದೀವಿ. ಐಸಿಯು ಇರೋ ಕಡೆ. ಆಂಬುಲೆನ್ಸ್ ಹೇಳಿದೀವಿ. ನೀವೊಂದು ಲೆಟರ್ ಬರ್ಕೊಡ್ಬೇಕಿತ್ತು.”

“ಏನಾಯ್ತು? ನೋವು ಜಾಸ್ತಿಯಾ? ಉಸಿರಾಟಕ್ಕೆ ತೊಂದ್ರೆನಾ?”

“ಇಲ್ಲ... ಹಂಗೇನಿಲ್ಲ. ನೀರು ಕುಡಿದು ಮಲಗಿದಾರೆ.”

ನನ್ನ ಪಿತ್ತ ನೆತ್ತಿಗೇರಿತು. ಕಾದು ಕೂತವರಿಗೆ ಬಂದೆ ಅಂತ ಹೇಳಿ ಸ್ಕೂಟರು ಹತ್ತಿದೆ. ಅಲ್ಲಿ ಹೋದರೆ ಸಾಗರದಿಂದ ಮಗಳೂ ಬಂದಿದ್ದಳು. ಜಗಲಿಯಲ್ಲಿ ಬ್ಯಾಗು, ಫ್ಲಾಸ್ಕು, ಚಾಪೆ ಎಲ್ಲ ಜೋಡಿಸಿ ಇಟ್ಟಾಗಿತ್ತು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟೆ.

“ಯಾರ ಬುದ್ಧಿ ಇದು? ಅವ್ರು ಆಸ್ಪತ್ರೆ ಬ್ಯಾಡ ಅಂದಿದ್ದು ನಿಮ್ಮ ಕಿವಿಗೆ ಬಿದ್ದಿಲ್ವಾ? ಐಸಿಯುನಲ್ಲಿ ಎಂತ ಮಾಡ್ತಾರೆ ಅವ್ರಿಗೆ? ಹೇಳಿ ನೋಡೋಣ!”

ಮಗ ನೆಲ ನೋಡಿದ. ಮಗಳು ಅವನ ಮುಖ ನೋಡಿದಳು. ಕೊನೆಗೆ ಮಗಳೇ ಹೇಳಿದಳು: “ಡಾಕ್ಟ್ರೇ, ನಾಳೆಯಿಂದ ಧನಿಷ್ಠಾ ಪಂಚಕ.”

ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಚಂದ್ರ ಧನಿಷ್ಠೆಯಿಂದ ರೇವತಿಯವರೆಗಿನ ನಕ್ಷತ್ರಗಳನ್ನು ದಾಟುವ ಐದು ದಿನ ಪ್ರತಿ ತಿಂಗಳೂ ಬರುತ್ತದೆ. ಆ ದಿನಗಳಲ್ಲಿ ಮನೆಯೊಳಗೆ ಯಾರಾದರೂ ತೀರಿಕೊಂಡರೆ ಆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬಿಟ್ಟುಹೋಗಬೇಕು ಅಂತ ನಂಬಿಕೆ. ದೀಪ ಹಚ್ಚುವಂತಿಲ್ಲ, ಒಲೆ ಉರಿಸುವಂತಿಲ್ಲ. ಆಸ್ಪತ್ರೆಯಲ್ಲಿ ಹೋದರೆ ಮನೆಗೆ ದೋಷವಿಲ್ಲ. ಹಾಗಾಗಿ ಐಸಿಯು. ರೋಗಕ್ಕಲ್ಲ, ಚಂದ್ರನಿಗೆ.

“ಅಯ್ಯೋ ಶಿವನೇ! ನಕ್ಷತ್ರ ನೋಡಿ ಐಸಿಯುಗೆ ಹಾಕ್ತೀರಾ? ವೆಂಟಿಲೇಟರಿಗೆ ಪಂಚಾಂಗ ಓದಕ್ಕೆ ಬರುತ್ತಾ?” ಅಂತ ನಾನು ಕೂಗಾಡಿದೆ. ಇನ್ನೂ ಏನೇನೋ ಅಂದೆ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು. ಅಷ್ಟು ದಿನ ನನ್ನೆದುರು ಎರಡು ಮಾತಿಗಿಂತ ಹೆಚ್ಚು ಆಡದವಳು.

“ನಾನೇ ಹೇಳಿದ್ದು ಮೇಡಂ, ಇವ್ರಿಗೆ ಬೈಬೇಡಿ. ನಾನು ಸಣ್ಣೋಳಿದ್ದಾಗ ನಮ್ಮಜ್ಜ ಪಂಚಕದಲ್ಲಿ ಹೋದ್ರು. ಮನೆಗೆ ಬೀಗ ಹಾಕಿದ್ರು. ಒಂದು ಮಳೆಗಾಲ ಪೂರ್ತಿ ನಾವೆಲ್ಲ ಕೊಟ್ಟಿಗೇಲಿದ್ವಿ, ದನದ ಪಕ್ಕ. ನನ್ನ ಹೊದಿಕೆ ಒಣಗ್ಲೇ ಇಲ್ಲ. ಶಾಲೇಲಿ ಹುಡುಗೀರು ನನ್ನ ಪಕ್ಕ ಕೂರ್ತಿರ್ಲಿಲ್ಲ, ವಾಸನೆ ಅಂತ. ಇವತ್ತಿಗೂ ಆ ವಾಸನೆ ಮೂಗಲ್ಲಿದೆ ಮೇಡಂ. ಇದು ನಮ್ಮ ಮೊದ್ಲನೇ ಮನೆ. ನಂಗೆ ಅತ್ತೆ ಬ್ಯಾಡ ಅಂತಲ್ಲ...”

ನಕ್ಷತ್ರವನ್ನು ನಾನು ನಂಬುವುದಿಲ್ಲ. ಆದರೆ ಆ ಹೊದಿಕೆಯನ್ನು ನಂಬದಿರುವುದು ಹೇಗೆ? ಇವಳ ಹೆದರಿಕೆಗೆ ನಾನು ವಿಜ್ಞಾನದ ಪಾಠ ಹೇಳಿ ಸ್ಕೂಟರು ಹತ್ತಿ ಹೋಗಬಹುದು. ಆ ಮನೆಯಲ್ಲಿ ಇರಬೇಕಾದವಳು ಅವಳು. ಒಳಗೆ ಮಲಗಿದ್ದವರಿಗೆ ನಾನು ಮಾತು ಕೊಟ್ಟಿದ್ದೆ, ಹೊರಗೆ ನಿಂತವಳು ಹೀಗೆ ಅಳುತ್ತಿದ್ದಳು. ಎರಡಕ್ಕೂ ಸಲ್ಲುವ ದಾರಿ ನನಗೆ ಹೊಳೆಯಲಿಲ್ಲ.

ಹೊಳೆಯದಿದ್ದಾಗ ಮಾಡುವುದೊಂದೇ. “ನಾವಿಲ್ಲಿ ನಾಲ್ಕು ಜನ ಅವ್ರ ವಿಷ್ಯ ಜಗಳ ಆಡ್ತಾ ಇದೀವಿ. ಅವ್ರನ್ನ ಯಾರಾದ್ರೂ ಕೇಳಿದ್ರಾ?” ಅಂದೆ.

“ಅಮ್ಮಂಗೆ ಇದನ್ನ ಹೆಂಗೆ ಕೇಳೂದು?” ಮಗನ ಮುಖ ಬಿಳುಚಿಕೊಂಡಿತು. “ನೀನು ಯಾವಾಗ ಸಾಯ್ತೀಯ ಅಂತ ಕೇಳಿದಂಗಲ್ವಾ?”

“ನೀನು ಕೇಳ್ಬೇಡ. ನಾನು ಕೇಳ್ತೀನಿ. ನೀವು ಬಂದು ಕೂತ್ಕಳಿ. ಯಾರೂ ಅಳೋ ಹಾಗಿಲ್ಲ. ಅತ್ರೆ ಹೊರಗೆ ಹಾಕ್ತೀನಿ.”

ಎಲ್ಲ ಒಳಗೆ ಹೋದೆವು. ಆಕೆ ಕಣ್ಣು ಮುಚ್ಚಿ ಮಲಗಿದ್ದರು. ನಾನು ಮಂಚದ ಅಂಚಿಗೆ ಕೂತು, ಕೈ ಹಿಡಿದು, ಹೇಗೆ ಶುರುಮಾಡಲಿ ಅಂತ ಯೋಚಿಸುತ್ತಿದ್ದೆ. ಆಕೆ ಕಣ್ಣು ಬಿಡದೆಯೇ, “ಕೂಗಾಟ ಮುಗೀತಾ ಡಾಕ್ಟ್ರಮ್ಮ?” ಅಂದರು.

“ಕೇಳಿಸ್ತಾ?”

“ಬಸ್‌ಸ್ಟ್ಯಾಂಡಿಗೂ ಕೇಳಿಸಿರ್ತದೆ.” ಕಣ್ಣು ಬಿಟ್ಟರು. “ಇವ್ರು ಒಳ್ಳೆ ಪೆದ್ದರು. ಕ್ಯಾಲೆಂಡರ್ ನನ್ನ ಕಣ್ಣೆದುರೇ ನೇತು ಹಾಕಿ, ನಂಗೆ ಗೊತ್ತಾಗದ ಹಂಗೆ ಪಂಚಕ ಲೆಕ್ಕ ಹಾಕ್ತಿದಾರೆ. ನಾನು ಯಾವಾಗ್ಲೋ ನೋಡಿಟ್ಟಿದೀನಿ.”

ಆಕೆ ಸೊಸೆಯ ಕಡೆ ತಿರುಗಿ, “ನೀನು ಎಂತಕ್ಕೆ ಮೂಲೇಲಿ ನಿಂತಿದ್ದೀ? ಈ ಮನೆ ಮುಚ್ಚಿಸೂಕೆ ನಂಗೂ ಮನಸ್ಸಿಲ್ಲ ಮಾರಾಯ್ತಿ. ಅಂಗಳದಲ್ಲಿ ಒಂದು ಚಪ್ಪರ ಹಾಕ್ಸಿ. ಮನೆಗೆ ತಾಗದ ಹಂಗೆ. ಅಲ್ಲಿ ಮಲಗ್ತೀನಿ. ಜೀವಮಾನ ಪೂರ್ತಿ ಚಪ್ಪರದಲ್ಲೇ ಇದ್ದೋಳು ನಾನು, ನಂಗೇನು ಹೊಸದಾ?” ಅಂದರು.

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಗ ‘ಅಂಗಳದಲ್ಲಾ?’ ಅಂತ ಮಾತ್ರ ಹೇಳಿ ಗೋಡೆಗೆ ಒರಗಿದ. ಹೆತ್ತ ತಾಯಿಯನ್ನು ಹೊರಗೆ ಹಾಕಿದರು ಅಂತ ಊರು ಆಡಿಕೊಳ್ಳುವುದಿಲ್ಲವೇ? ನಾನೂ ಅದನ್ನೇ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಮಾತು ಆಕೆಯದು. ನೋವಿಲ್ಲದ ತಲೆಯಿಂದ, ಪೂರ್ತಿ ಎಚ್ಚರದಲ್ಲಿ ಹೇಳಿದ ಮಾತು. ಆಂಬುಲೆನ್ಸಿನವನಿಗೆ ನಾನೇ ಫೋನ್ ಮಾಡಿ ಬರಬೇಡ ಅಂದೆ.

ಸೊಸೆಗೆ ಇನ್ನೂ ಧೈರ್ಯವಿರಲಿಲ್ಲ. ಅವರ ಮನೆಗೆ ಪೂಜೆಗೆ ಬರುವ ಜೋಯಿಸರು ಅರಳಸುರಳಿ ಕಡೆಯವರು, ಅವರನ್ನು ಒಂದು ಮಾತು ಕೇಳಬೇಕು ಅಂದಳು. ಫೋನು ಹಚ್ಚಿ ನನ್ನ ಕೈಗೇ ಕೊಟ್ಟಳು. ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹಲೋ ಅಂದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: “ಅವರಿಗೆ ನೋವು ಕಡಿಮೆ ಆಗಿದೆಯೇ?” ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಆಗಿದೆ ಅಂದೆ. “ಹಾಗಾದರೆ ಅವರು ಹೇಳಿದಂತೆಯೇ ಮಾಡಿ. ಮನೆಯ ಸೂರಿಗೆ ಸೇರದ ಜಾಗ ಅಂದರೆ ಮನೆಯಲ್ಲ. ಹಿಂದೆಯೂ ಹೀಗೆ ಮಾಡುತ್ತಿದ್ದರು. ಒಳಗೇ ಏನಾದರೂ ಆದರೂ ಶಾಂತಿ ಇದೆ, ನಾನಿದ್ದೇನೆ. ಆ ಹುಡುಗಿಗೆ ಹೆದರಬೇಡ ಅಂತ ಹೇಳಿ.” ಸ್ಪೀಕರ್ ಹಾಕಿದ್ದೆ, ಆ ಹುಡುಗಿ ಕೇಳಿಸಿಕೊಂಡು ಮುಖ ಒರೆಸಿಕೊಂಡಳು.

ಅವತ್ತು ಮಧ್ಯಾಹ್ನವೇ ಕೆಲಸ ಶುರು. ಬೇಸಿಗೆ ಆಗಷ್ಟೇ ಕಾಲಿಡುತ್ತಿತ್ತು, ಮಳೆಯ ಭಯ ಇರಲಿಲ್ಲ. ಅಡಿಕೆ ಮರದ ಕಂಬ, ಮೇಲೆ ತೆಂಗಿನ ಗರಿ ಹೆಣೆದ ಮಡಲು, ಅದರ ಮೇಲೆ ಹಸಿರು ನೆಟ್ಟು. ಆಕೆ ಕಿಟಕಿಯಿಂದ ನೋಡುತ್ತ, “ಆ ಕಂಬ ಸೊಟ್ಟ, ಕಣ್ಣಿಲ್ವಾ?” ಅಂತ ಬೈಯುತ್ತಿದ್ದರಂತೆ. ಸಂಜೆ ನಾನು ಹೋದಾಗ ಚಪ್ಪರ ಎದ್ದಿತ್ತು. ಮೂರು ಕಡೆ ಸೀರೆ ಪರದೆ, ರಸ್ತೆಯ ಕಡೆ ಮಾತ್ರ ಖಾಲಿ. ಅದು ಆಕೆಯದೇ ಹುಕುಂ. ಮಗ ಮನೆಯಿಂದ ವೈರ್ ಎಳೆದು ಫ್ಯಾನು, ಲೈಟು ಕೂರಿಸಿದ್ದ. ಆಮೇಲೆ ಆ ವೈರು ಮನೆಗೆ ತಾಗಿದ ಹಾಗಾಯಿತೇ ಅಂತ ಅವನಿಗೇ ಅನುಮಾನ ಬಂದು, ಜೋಯಿಸರಿಗೆ ಮತ್ತೆ ಫೋನು. ಜೋಯಿಸರು ಕರೆಂಟಿಗೆ ಸೂತಕವಿಲ್ಲ, ಗಾಳಿ ಬರಲಿ ಅಂದರಂತೆ.

ಅಲ್ಲಿಂದ ಅದು ನನ್ನ ವಾರ್ಡು. ಮಂಚ, ಸೊಳ್ಳೆಪರದೆ, ನೀರು ತುಂಬಿದ ಹಾಸಿಗೆ, ಮಾತ್ರೆಯ ಡಬ್ಬಿ. ಸೊಸೆಗೆ ಒಂದೊಂದಾಗಿ ಹೇಳಿಕೊಟ್ಟೆ. ಮಗ್ಗುಲು ಹೇಗೆ ತಿರುಗಿಸಬೇಕು, ಹತ್ತಿ ಒದ್ದೆ ಮಾಡಿ ಬಾಯಿ ಹೇಗೆ ಒರೆಸಬೇಕು, ನುಂಗಲು ಆಗದಿದ್ದಾಗ ಯಾವ ಔಷಧಿಯನ್ನು ಕೆನ್ನೆಯ ಒಳಗೆ ಬಿಡಬೇಕು, ಉಸಿರು ಗೊರಗೊರ ಅಂದರೆ ಹೆದರದೆ ತಲೆ ಹೇಗೆ ಹೊರಳಿಸಬೇಕು. ಮೊದಮೊದಲು ಒಂದೊಂದಕ್ಕೂ ನನಗೆ ಫೋನು ಮಾಡಿ ಕೇಳುತ್ತಿದ್ದಳು. ಆಮೇಲೆ ಅವಳ ಕೈ ನನ್ನ ಕೈಗಿಂತ ಹಗುರವಾಯಿತು.

ಮಗಳದು ಬೇರೆಯೇ ಹಟ. ಅವಳು ಸಿಗಂದೂರಿಗೆ ಹೋಗಿ ಪ್ರಸಾದ ತಂದಳು. ಸೇತುವೆ ಆದ ಮೇಲೆ ಹಿನ್ನೀರು ದಾಟಲು ಲಾಂಚಿಗೆ ಕಾಯುವ ರಗಳೆ ಇಲ್ಲ, ಬೆಳಿಗ್ಗೆ ಹೋದವಳು ಊಟದ ಹೊತ್ತಿಗೆ ವಾಪಸ್ಸು. ಕುಂಕುಮ ಹಚ್ಚಿದ ಕೈಯಲ್ಲೇ ನನ್ನ ಕೈ ಹಿಡಿದು, “ಒಂದು ಬಾಟ್ಲಿ ಡ್ರಿಪ್ಸಾದ್ರೂ ಹಾಕಿ ಡಾಕ್ಟ್ರೇ. ಏನೂ ಮಾಡ್ದೆ ಹಂಗೇ ಬಿಟ್ರು ಅಂತ ಆಗಬಾರ್ದು” ಅಂದಳು. ಡ್ರಿಪ್ಸ್ ನೇತುಹಾಕದಿದ್ದರೆ ಡಾಕ್ಟರು ಏನೂ ಮಾಡಿಲ್ಲ ಅಂತಲೇ ನಮ್ಮ ಜನರ ಲೆಕ್ಕ. ಈಗ ಹೋಗುವ ನೀರು ದೇಹಕ್ಕೆ ಹತ್ತುವುದಿಲ್ಲ, ಕಾಲಿಗೆ ಇಳಿಯುತ್ತದೆ, ಎದೆಯಲ್ಲಿ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ ಅಂತ ವಿವರಿಸಿದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ಆಕೆ ಮಂಚದಿಂದ, “ಬಾಟ್ಲಿ ಬೇಕಿದ್ರೆ ಖಾಲೀದೇ ಒಂದು ನೇತು ಹಾಕೆ, ನೋಡಿದೋರಿಗೆ ಸಮಾಧಾನ ಆಗ್ಲಿ” ಅಂದರು. ಮಗಳು ಅಳುತ್ತಿದ್ದವಳು ನಕ್ಕುಬಿಟ್ಟಳು. ಆಮೇಲೆ ಡ್ರಿಪ್ಸಿನ ಮಾತು ಎತ್ತಲಿಲ್ಲ. ಆ ಹೊತ್ತೆಲ್ಲ ತಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಳು.

ಚಪ್ಪರ ಹಾಕಿದ ಸುದ್ದಿ ಹರಡಿತು. ಏನು ವಿಶೇಷ ಅಂತ ಕೇಳಿಕೊಂಡೇ ಜನ ಬಂದರು. ಮೂಗು ಮುರಿದವರೂ ಇದ್ದರು. ಆದರೆ ಆಕೆಯ ಹಳೆಯ ಅಡುಗೆ ತಂಡದ ಹೆಂಗಸರು ಬಂದ ಮೇಲೆ ಕಥೆಯೇ ಬದಲಾಯಿತು. ಅವರು ರೋಗಿಯನ್ನು ನೋಡಲು ಬಂದವರ ಹಾಗೆ ತುದಿಗಾಲಲ್ಲಿ ಬರಲಿಲ್ಲ. ಚಾಪೆ ಹಾಸಿ, ಎಲೆ ಅಡಿಕೆ ತಟ್ಟೆ ನಡುವೆ ಇಟ್ಟು, ತೀರ್ಥಹಳ್ಳಿಯ ಯಾವುದೋ ಮದುವೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು ಯಾರಿಂದ ಅಂತ ವಾದಕ್ಕೆ ಬಿದ್ದರು. ಆಕೆ ನಿದ್ದೆಯ ನಡುವೆ ಕಣ್ಣು ಬಿಟ್ಟು, “ಅವಳೇ ಹಾಕಿದ್ದು” ಅಂತ ಒಬ್ಬರನ್ನು ತೋರಿಸಿ ಮತ್ತೆ ಮಲಗಿದರು. ನಾನು ಇಂಜೆಕ್ಷನ್ ಹಿಡಿದುಕೊಂಡು ಬಂದವಳು ನಗು ತಡೆಯಲಾರದೆ ನಿಂತೆ. ನನ್ನ ಇಷ್ಟು ವರ್ಷದ ಡಾಕ್ಟರಿಕೆಯಲ್ಲಿ ಹೋಗುವ ಜೀವದ ಸುತ್ತ ಅಂಥ ನಗು ಕೇಳಿರಲಿಲ್ಲ.

ಪಂಚಕ ಕಳೆಯಿತು. ಯಾರೂ ಸಾಯಲಿಲ್ಲ.

ಬೆಳಿಗ್ಗೆ ಮಗ ಫೋನಿನಲ್ಲಿ ಕುಣಿಯುತ್ತಿದ್ದ. “ಮೇಡಂ, ರೇವತಿ ದಾಟ್ತು! ಅಮ್ಮನ್ನ ಒಳಗೆ ಕರ್ಕೊಳ್ತಿದೀವಿ, ನೀವೂ ಬನ್ನಿ.” ಹೋದೆ. ರೂಮನ್ನು ಸಾರಿಸಿ ಒರೆಸಿ, ಹೊಸ ಬೆಡ್‌ಶೀಟ್ ಹಾಸಿ, ಊದುಬತ್ತಿ ಹಚ್ಚಿದ್ದರು. ಸೊಸೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಂಚ ಎತ್ತಲು ಪಕ್ಕದ ಮನೆಯವರೂ ಬಂದಿದ್ದರು.

ಆಕೆ ಮಂಚದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡರು. “ನಾ ಬರೂದಿಲ್ಲ.”

ಮಗ ಬೇಡಿಕೊಂಡ. ಮಗಳು ಬೇಡಿಕೊಂಡಳು. ಊಹೂಂ. ಸೊಸೆ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಹಿತ್ತಲಿಗೆ ನಡೆದುಬಿಟ್ಟಳು. ನಾನು ಹಿಂದೆಯೇ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

“ನನ್ನ ಮೇಲಿನ ಸಿಟ್ಟಿಗೇ ಮೇಡಂ. ನಾನು ಹೊರಗೆ ಹಾಕಿದೆ ಅಂತ. ಈಗ ಕರೆದ್ರೂ ಬರ್ತಿಲ್ಲ. ಅವ್ರು ಹಿಂಗೇ ಅಂಗಳದಲ್ಲೇ ಹೋಗ್ಬಿಟ್ರೆ ನಾನು ಈ ಮನೇಲಿ ಹೆಂಗೆ ದೀಪ ಹಚ್ಚಲಿ? ಬೀಗ ಹಾಕಿದ್ರೇ ಚೆನ್ನಾಗಿತ್ತು.”

ಸಮಾಧಾನದ ಮಾತು ನನಗೆ ಬರುವುದಿಲ್ಲ. ಅವಳ ರೆಟ್ಟೆ ಹಿಡಿದು ಎಬ್ಬಿಸಿ ಚಪ್ಪರಕ್ಕೆ ಕರೆತಂದೆ. ಬೇರೆಯವರನ್ನೆಲ್ಲ ಟೀ ಕುಡಿಯಲು ಒಳಗೆ ಅಟ್ಟಿದೆ. “ಅಮ್ಮ, ಇವಳು ಹಿಂಗೆ ತಿಳ್ಕೊಂಡಿದಾಳೆ. ಹೌದಾ ಅಲ್ವಾ, ನೀವೇ ಹೇಳಿ. ಸುಮ್ಮನೆ ಸಮಾಧಾನಕ್ಕೆ ಹೇಳ್ಬೇಡಿ” ಅಂದೆ.

ಆಕೆಗೆ ಮಾತು ಆಗಲೇ ಕಡಿಮೆಯಾಗಿತ್ತು. ಉಸಿರು ಕೂಡಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದರು. “ಹುಚ್ಚು ಹುಡುಗಿ. ಆ ರೂಮಿಗೆ ಬಂದೋರೆಲ್ಲ ಬಾಗ್ಲಲ್ಲೇ ಮುಖ ಸಣ್ಣ ಮಾಡ್ಕಂಡು ನಿಲ್ತಿದ್ರು. ಹೆಂಗಿದೀರಿ ಅಂತ ಕೇಳಿ ಓಡೋರು. ಇಲ್ಲಿ ಕೂತ್ಕಂಡು ಹರಟ್ತಾರೆ. ರಸ್ತೇಲಿ ಹೋಗೋರು ಕೂಗಿ ಮಾತಾಡಿಸ್ತಾರೆ. ನಂಗೆ ಇದು ಬೇಕಿತ್ತು, ಬೇಕು ಅಂತ ನಂಗೇ ಗೊತ್ತಿರ್ಲಿಲ್ಲ. ನೀ ಹೆದ್ರಿದ್ದಕ್ಕೆ ಸಿಕ್ತು.” ಸ್ವಲ್ಪ ಸುಧಾರಿಸಿಕೊಂಡು, “ರೂಮು ನೀನಿಟ್ಕ. ನನ್ನ ತಲೆ ಬಾಚು. ಡಾಕ್ಟ್ರಮ್ಮಂಗೆ ಬಾಚೂಕೆ ಬರೂದಿಲ್ಲ, ಅವ್ಳ ತಲೆ ನೋಡಿದ್ರೇ ತಿಳಿತದೆ” ಅಂದರು.

ಸೊಸೆ ಬಾಚಣಿಗೆ ತಂದಳು. ಮಂಚದ ತಲೆದೆಸೆಗೆ ಕೂತು ಆ ನಾಲ್ಕು ಕೂದಲಿನ ಸಿಕ್ಕು ಬಿಡಿಸುತ್ತ ಬಹಳ ಹೊತ್ತು ಕೂತಳು. ನಾನು ಸುಮ್ಮನೆ ಆಚೆ ಬಂದೆ. ಮೆಟ್ಟಿಲ ಮೇಲಿದ್ದ ಆರತಿ ಆರಿಹೋಗಿತ್ತು. ಕಣ್ಣು ಒದ್ದೆಯಾದದ್ದನ್ನು ಯಾರೂ ನೋಡದಿರಲಿ ಅಂತ ಸ್ಕೂಟರಿನ ಕನ್ನಡಿ ಒರೆಸಿದೆ.

ಆಮೇಲೆ ಕೆಲವು ದಿನ ಇದ್ದರು. ಎಚ್ಚರಕ್ಕಿಂತ ನಿದ್ದೆ ಹೆಚ್ಚಾಯಿತು. ಮಾತ್ರೆ ನಿಂತಿತು, ಕೆನ್ನೆಗೆ ಬಿಡುವ ಔಷಧಿ ಉಳಿಯಿತು. ಸೊಸೆ ಮಂಚದ ಪಕ್ಕ ಬೆಂಚು ಹಾಕಿಕೊಂಡು ಅಲ್ಲೇ ಇರತೊಡಗಿದಳು. ಊಟ, ತಿಂಡಿ, ತರಕಾರಿ ಹೆಚ್ಚುವುದು ಎಲ್ಲ ಚಪ್ಪರದಲ್ಲೇ. ಒಂದು ದಿನ ಹೋದಾಗ ಅವಳೇ ಅತ್ತೆಗೆ, ಕಣ್ಣು ಮುಚ್ಚಿದ್ದರೂ, ಕೊಟ್ಟಿಗೆಯಲ್ಲಿ ಕಳೆದ ಆ ಮಳೆಗಾಲದ ಕಥೆ ಹೇಳುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಲಿಲ್ಲ.

ಕರೆ ಬಂದದ್ದು ಒಂದು ಮಧ್ಯಾಹ್ನ, ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ. ನಾನು ಹೋಗುವ ಹೊತ್ತಿಗೆ ಆಕೆ ಹೋಗಿಯಾಗಿತ್ತು. ಹಣೆಯಲ್ಲಿ ಒಂದು ಗೆರೆ ಇರಲಿಲ್ಲ. ಮಗಳು ಕಾಲ ಬಳಿ ಕೂತಿದ್ದಳು. ಅಡುಗೆ ತಂಡದವರೊಬ್ಬರು ತುಳಸಿ ನೀರಿನ ಲೋಟ ಹಿಡಿದು ನಿಂತಿದ್ದರು. ಸೊಸೆ ಬೆಂಚಿನ ಮೇಲೆಯೇ ಇದ್ದಳು, ಅತ್ತೆಯ ಕೈ ಅವಳ ಮಡಿಲಲ್ಲಿತ್ತು. ನೋವು ಬಂತಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದಳು. ಉಸಿರು ನಿಧಾನ ಆಯಿತು, ಒಂದು ಸಲ ತನ್ನನ್ನು ನೋಡಿದರು, ಆಮೇಲೆ ಇನ್ನೊಂದು ಉಸಿರು ಬರಲಿಲ್ಲ ಅಂದಳು.

ಸ್ಟೆತಾಸ್ಕೋಪ್ ಇಟ್ಟು ನೋಡಿದೆ. ಅದು ನನ್ನ ಕೆಲಸ. ಅಷ್ಟರಲ್ಲಿ ಮಗ ಫೋನು ಕಿವಿಗೆ ಹಿಡಿದುಕೊಂಡೇ ಬಂದ. ಆ ಕಡೆ ಜೋಯಿಸರು. ಯಾವ ನಕ್ಷತ್ರ, ಯಾವ ಗಳಿಗೆ ಅಂತ ನೋಡಬೇಕು, ಉಸಿರು ನಿಂತದ್ದು ಎಷ್ಟು ಹೊತ್ತಿಗೆ? ನನ್ನ ಸರ್ಟಿಫಿಕೇಟಿಗೂ ಅದು ಬೇಕಿತ್ತು. ಎಲ್ಲರೂ ಸೊಸೆಯ ಮುಖ ನೋಡಿದೆವು. ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವಳು ಅವಳೊಬ್ಬಳೇ, ಉಳಿದವರೆಲ್ಲ ಅವಳು ಕೂಗಿದ ಮೇಲೆ ಓಡಿ ಬಂದವರು. ಚಪ್ಪರದ ಕಂಬಕ್ಕೆ ಗಡಿಯಾರ ಕಟ್ಟಿತ್ತು, ಔಷಧಿಯ ಹೊತ್ತು ತಪ್ಪದಿರಲಿ ಅಂತ. ಅವಳ ಕಣ್ಣೆದುರೇ ಇತ್ತು.

ಅವಳು ಗಾಬರಿಯಾಗಿ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. “ನೋಡ್ಲೇ ಇಲ್ಲ ಮೇಡಂ” ಅಂದಳು. “ಅವ್ರ ಮುಖ ನೋಡ್ತಾ ಇದ್ದೆ.”

ಮಗ ಫೋನನ್ನು ಕಿವಿಯಿಂದ ಇಳಿಸಿದ. ನಾನು ವಾಚು ನೋಡಿಕೊಂಡು, ಒಂದು ಅಂದಾಜು ಹೊತ್ತು ಬರೆದೆ.